ವಾಣಿ ಓದದ ಆರನೇ ಭಾಗ

21 ಸೆಪ್ಟೆಂಬರ್ 2025, ಭಾನುವಾರ. ಮಹಾಲಯ ಅಮಾವಾಸ್ಯೆ.

ಪಕ್ಕದ ಮನೆಯ ಗಗನಳ ಮೇಲೆ ಇವತ್ತು ಸೇಡು ತೀರಿಸಿಕೊಂಡೆ. ತೀರಿಸಿಕೊಂಡರೂ ಸಮಾಧಾನವಿಲ್ಲ.

ಸತ್ತವರನ್ನು ಆಟೋದಲ್ಲಿ ಊರು ದಾಟಿಸುವ ಯಕ್ಷಿಣಿ, ಅವಳ ಬೆನ್ನು ಬಿದ್ದ ಪೊಲೀಸ್ ಹುಡುಗಿ. ಆ ಕಾದಂಬರಿಯ ಐದು ಭಾಗಗಳನ್ನು ತಂಗಿ ವಾಣಿ ಕಾಯಿಲೆಯ ಹಾಸಿಗೆಯಲ್ಲೇ ಓದಿ ಮುಗಿಸಿದ್ದಳು. ಆರನೆಯದನ್ನು ಗಗನ ಕೊಂಡಿದ್ದಳು. ವಾಣಿ ಕೇಳಿದಾಗಲೆಲ್ಲ, "ಪರೀಕ್ಷೆ ಮುಗೀಲಿ ಕಣೇ, ನಾನು ಓದ್ಬುಟ್ಟು ಕೊಡ್ತೀನಿ" ಅಂದಳು. ವಾಣಿ ತೀರಿಕೊಂಡ ಹನ್ನೊಂದನೇ ದಿನ ತಂದುಕೊಟ್ಟಳು, ಮೇಲಿನ ಪ್ಲಾಸ್ಟಿಕ್ಕೂ ಬಿಚ್ಚಿರಲಿಲ್ಲ.

ಗಗನಳಿಗಿಂತ ಮೊದಲು ಕೊನೆ ಮುಟ್ಟಬೇಕೆಂದೇ ಮೂರು ತಿಂಗಳು ಕೂತು ಆರನ್ನೂ ಓದಿದೆ. ಇವತ್ತು ಎಡೆಗೆ ಕಜ್ಜಾಯದ ಪಕ್ಕ ಆರನೆಯದನ್ನು ಇಟ್ಟು, ವಾಣಿ ಬಂದು ಹೋಗಲೆಂದು ಬಾಗಿಲು ಮುಚ್ಚಿದ್ದೆವು.

ಊಟಕ್ಕೆ ಬಂದ ಗಗನ ಕೇಳಿದಳು, "ಅಕ್ಕ, ಈಗ ನಾನು ಓದ್ಲಾ?"

ಅವಳ ಎಲೆಗೆ ಕಜ್ಜಾಯ ಬಡಿಸುತ್ತಲೇ ಹೇಳಿದೆ, "ಕೊನೆಗೆ ಯಕ್ಷಿಣಿ ಸೀಟು ಬಿಟ್ಕೊಡ್ತಾಳೆ. ಆ ಪೊಲೀಸ್ ಹುಡುಗೀನೇ ಆಟೋ ಓಡಿಸ್ತಾಳೆ. ಇನ್ನೇನಿದೆ ಓದೋಕೆ, ಬುಡು."

ಅವಳ ಮುಖ ಇಳಿಯುವುದನ್ನು ನೋಡಬೇಕೆಂದಿದ್ದೆ. ಆದರೆ ಅವಳು ಕಣ್ಣೊರೆಸಿಕೊಂಡು ನಕ್ಕಳು. "ವಾಣಿ ಮೂರನೇ ಭಾಗದಲ್ಲೇ ಹಂಗಂದಿದ್ಲು. ನಾನೇ ಇಲ್ಲ ಅಂತ ಜಗಳ ಆಡಿದ್ದೆ. ನಿಮಗೂ ಹೇಳಿರ್ಬೇಕಲ್ವಾ ಅಕ್ಕ?"

ಹೇಳಿರಲಿಲ್ಲ. ವಾಣಿ ಬಾಯಿ ತೆರೆದಾಗಲೆಲ್ಲ, ದೆವ್ವದ ಕತೆ ಸಾಕು, ಮಾತ್ರೆ ನುಂಗು ಎನ್ನುತ್ತಿದ್ದೆ.

ಪುಸ್ತಕ ಕೊಡಲಿಲ್ಲ. ನಾಳೆ ಕೇಳಿದರೂ ಕೊಡುವುದಿಲ್ಲ. ವಾಣಿ ಅವಳಿಗೆ ಇನ್ನೂ ಏನೇನು ಹೇಳಿದ್ದಳೋ, ಒಂದೊಂದು ಭಾಗದಲ್ಲಿ ಎಲ್ಲೆಲ್ಲಿ ನಕ್ಕಿದ್ದಳೋ, ಅದನ್ನೆಲ್ಲ ಮೊದಲು ನನ್ನೆದುರು ಕೂತು ಹೇಳಲಿ. ಒಂದೂ ಬಿಡದೆ ಹೇಳಲಿ, ಆಮೇಲೆ ಕೊಡುತ್ತೇನೆ.