ಗೆರೆಯ ಎಡಗಡೆ ಅಜ್ಜಿ

ನವೆಂಬರ್ ೯, ಭಾನುವಾರ
ಹಾಸ್ಟೆಲ್

ಪ್ರೀತಿಯ ಅಜ್ಜಿಗೆ,

ನಿನ್ನ ತರಲೆ ಮಾಡುವ ನಮಸ್ಕಾರಗಳು. ಹೋದ ತಿಂಗಳೇ ಬರೆಯಬೇಕಿತ್ತು, ಬರೆಯಲಿಲ್ಲ, ಬೈಯಬೇಡ. "ಕೈಗೇನು ಬಂದಿತ್ತೇ ರೋಗ?" ಅನ್ನುತ್ತೀ, ಗೊತ್ತು. ಬರೆದು ಬರೆದೇ ಕೈಗೆ ರೋಗ ಬಂದಿದೆ ಅಜ್ಜಿ, ಆ ಕತೆ ಹೇಳಲೆಂದೇ ಕೂತಿದ್ದೇನೆ. ಅಕ್ಕಾ, ಓದಿ ಹೇಳುವವಳು ನೀನು ತಾನೇ, ನಿನ್ನ ಆ ವಾರ್ತೆ ಓದುವ ದನಿ ಬೇಡ. ಅಜ್ಜಿಯ ಬಲಗಿವಿಯ ಕಡೆ ಕೂತು ನಿಧಾನವಾಗಿ ಓದು.

ಅಜ್ಜಿ, ನೀನು ಈಚೆಗೆ ಯಾರನ್ನೂ ಏನೂ ಕೇಳುವುದಿಲ್ಲ ಅಂತ ಅಕ್ಕ ಬರೆದಿದ್ದಾಳೆ. ಇಟ್ಟರೆ ಉಣ್ಣುತ್ತೀಯಂತೆ, ಮಲಗಿಸಿದರೆ ಮಲಗುತ್ತೀಯಂತೆ. ನಾನು ನಂಬಲಿಲ್ಲ. ಹಾಲಿನವನನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು ಅವನ ಹೆಂಡತಿಯ ತವರಿನ ತನಕ ವಿಚಾರಿಸುತ್ತಿದ್ದವಳು ನೀನು! ಅದಕ್ಕೇ ಈ ಪತ್ರವನ್ನು ಬೇಕೆಂದೇ ಉದ್ದ ಮಾಡುತ್ತಿದ್ದೇನೆ. ಮುಗಿಯುವುದರೊಳಗೆ ನಿನ್ನ ಬಾಯಿಂದ ಒಂದು ಪ್ರಶ್ನೆಯಾದರೂ ಹೊರಡಲೇಬೇಕು.

ಇಲ್ಲಿ ಕಾಲೇಜಿನಲ್ಲಿ ಪಾಠ ಅಂದರೆ ಶಾಲೆಯ ಹಾಗಲ್ಲ. ಶಾಲೆಯಲ್ಲಿ ಮೇಷ್ಟ್ರು ಬೋರ್ಡಿನ ಮೇಲೆ ಬರೆಯುತ್ತಿದ್ದರು, ನಾವು ಇಳಿಸಿಕೊಳ್ಳುತ್ತಿದ್ದೆವು. ಇಲ್ಲಿ ಭೂಗೋಳದ ಮೇಡಂ ಬರುತ್ತಾರೆ, ಒಂದೇ ಉಸಿರಿಗೆ ಮಾತಾಡುತ್ತಾರೆ, ಹೋಗುತ್ತಾರೆ. ಯಾವುದನ್ನು ಬರೆಯಬೇಕು, ಯಾವುದನ್ನು ಬಿಡಬೇಕು ಅಂತ ಒಬ್ಬರೂ ಹೇಳುವುದಿಲ್ಲ. ಬಿಟ್ಟರೆ ಎಲ್ಲಿ ಕೆಡುತ್ತದೋ ಅಂತ ನಾನು ಒಂದಕ್ಷರ ಬಿಡದೆ ಬರೆದೆ, ತಲೆ ಎತ್ತದೆ ಬರೆದೆ. ಮೇಡಂ ಮುಖ ಹೇಗಿದೆ ಅಂತಲೂ ಸರಿಯಾಗಿ ನೋಡಿರಲಿಲ್ಲ. ಒಂದು ದಿನ ಬಸ್ ಸ್ಟಾಪಿನಲ್ಲಿ ಪಕ್ಕದಲ್ಲೇ ನಿಂತಿದ್ದರು, ಗುರುತೇ ಸಿಗದೆ "ಸ್ವಲ್ಪ ಸರೀತೀರಾ ಆಂಟಿ" ಅಂದುಬಿಟ್ಟೆ. "ಎಲ್ಲಿಗೆ ಸರೀಲಮ್ಮ?" ಅಂದಾಗ ದನಿ ಗೊತ್ತಾಯಿತು ನೋಡು, ಜೀವ ಬಾಯಿಗೆ ಬಂತು. ಅಕ್ಕಾ, ನಕ್ಕಿದ್ದು ಸಾಕು, ಮುಂದೆ ಓದು.

ಮೊದಲ ಟೆಸ್ಟಿನಲ್ಲಿ ಮಣ್ಣು ಮುಕ್ಕಿದೆ. ಪುಸ್ತಕ ತುಂಬಾ ಬರೆದಿದ್ದೆ, ತಲೆಯಲ್ಲಿ ಮಾತ್ರ ಏನೂ ಇರಲಿಲ್ಲ. ಮೇಡಂ ಕರೆಸಿ ನೋಟ್ಸ್ ತೋರಿಸು ಅಂದರು. ನಾನು ಹೆಮ್ಮೆಯಿಂದಲೇ ಕೊಟ್ಟೆ. ಅವರು ಗಟ್ಟಿಯಾಗಿ ಓದಿದರು: "ನದಿಯು ಹೊರದಂಡೆಯನ್ನು ಕೊರೆಯುತ್ತದೆ, ಆ ಕಿಟಕಿ ಮುಚ್ಚಿ, ಒಳದಂಡೆಯಲ್ಲಿ ಹೂಳು ನಿಲ್ಲುತ್ತದೆ, ಹಿಂದಿನ ಬೆಂಚು ಏನದು ನಗು." ಅಯ್ಯೋ, ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವರು ಮಾತ್ರ ಬೈಯಲಿಲ್ಲ. "ನಾನು ಹೇಳಿದ್ದೆಲ್ಲ ಇದೆಯಮ್ಮ, ಕಿಟಕಿ ಸಮೇತ. ಆದ್ರೆ ಇದ್ರಲ್ಲಿ ನೀನೆಲ್ಲಿದ್ದೀಯಾ?" ಅಂದರು. ಮುಂದಿನ ಟೆಸ್ಟಿನಲ್ಲೂ ಹೀಗೇ ಆದರೆ ಟರ್ಮ್ ಪರೀಕ್ಷೆಗೆ ಕೂರಿಸಲಾಗುವುದಿಲ್ಲ ಅಂತಲೂ ಸೇರಿಸಿದರು.

ನನ್ನ ರೂಮಿನಲ್ಲಿ ಒಬ್ಬಳಿದ್ದಾಳೆ, ಅವಳಿಗೆ ನಾವೆಲ್ಲ ಇಟ್ಟ ಹೆಸರು ಬಣ್ಣದವಳು. ಅವಳ ಡಬ್ಬಿಯಲ್ಲಿ ಇಲ್ಲದ ಬಣ್ಣದ ಪೆನ್ನಿಲ್ಲ. ಮುಖ್ಯವಾದದ್ದಕ್ಕೆ ಹಳದಿ ಹಚ್ಚಬೇಕು ಅಂತ ಹೇಳಿಕೊಟ್ಟಳು. ಹಚ್ಚಿದೆ. ಎಲ್ಲವೂ ಮುಖ್ಯ ಅನ್ನಿಸಿ ಇಡೀ ಪುಟ ಅರಿಶಿನ ಮೆತ್ತಿಕೊಂಡ ಹಾಗಾಯಿತು. ಸಾಲದ್ದಕ್ಕೆ ಎಲ್ಲ ಸಬ್ಜೆಕ್ಟನ್ನೂ ಒಂದೇ ಪುಸ್ತಕದಲ್ಲಿ ಬರೆದಿದ್ದೆ. ನದಿಯ ಹಿಂದೆ ಅಂಕಿಅಂಶ, ಅದರ ಹಿಂದೆ ಇಂಗ್ಲಿಷ್ ಪದ್ಯ, ಮಧ್ಯೆ ಅಗಸನಿಗೆ ಹಾಕಿದ ಬಟ್ಟೆಯ ಲೆಕ್ಕ, ಒಟ್ಟು ಕಲಸುಮೇಲೋಗರ. ಹುಡುಕಿದ್ದು ಸಿಗದೆ ಒಂದು ಸಂಜೆ ಅಳುತ್ತಾ ಕೂತೆ. ಗಂಟುಮೂಟೆ ಕಟ್ಟಿ ಮನೆಗೆ ಬಂದುಬಿಡೋಣ, ಅಮ್ಮನ ಜೊತೆ ಅಂಗಡಿಯಲ್ಲಿ ಇಸ್ತ್ರಿ ಹಾಕಿಕೊಂಡಿರೋಣ ಅನ್ನಿಸಿತು.

ಇಸ್ತ್ರಿ ಅಂದದ್ದೇ ತಡ, ನೀನು ನೆನಪಾದೆ. ಶಾಲೆ ಬಿಟ್ಟ ಮೇಲೆ ನಾನೂ ಅಕ್ಕನೂ ಅಂಗಡಿಗೆ ಬಂದು ಬಟ್ಟೆಗಂಟಿನ ಮೇಲೆ ಕೂರುತ್ತಿದ್ದೆವಲ್ಲ. ನೀನು ಅಂಗಿಗೆ ನೀರು ಚಿಮುಕಿಸುತ್ತಾ "ಇವತ್ತೇನು ಹೇಳ್ಕೊಟ್ರು?" ಅನ್ನುತ್ತಿದ್ದೆ. ನಾವು ಗಿಳಿಪಾಠ ಒಪ್ಪಿಸಲು ಶುರು ಮಾಡಿದರೆ ಕಾಲರ್ ಮುಗಿದು ತೋಳಿಗೆ ಬರುವಷ್ಟರಲ್ಲಿ ನಿನ್ನ ಕಾಟ ಶುರು: "ಅದ್ಯಾಕೆ ಹಾಗೆ?" "ನೀನು ನೋಡಿದ್ಯಾ?" "ಅಷ್ಟು ದೊಡ್ಡ ಸೈನ್ಯಕ್ಕೆ ಅಡಿಗೆ ಯಾರೇ ಮಾಡ್ತಿದ್ರು?" ಸೈನ್ಯದ ಅಡಿಗೆಯ ವಿಷಯ ಇವತ್ತಿಗೂ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ ಅಜ್ಜಿ. ಆದರೆ ನಿನಗೆ ಹೇಳಿದ ಪಾಠ ಒಂದೂ ಮರೆತಿಲ್ಲ.

ಆ ಸಂಜೆ ನದಿಯ ಪಾಠ ತೆಗೆದೆ. ನದಿ ಬಯಲಿನಲ್ಲಿ ಬಳುಕುತ್ತಾ ಹರಿಯುತ್ತದೆ ಅಂತಿತ್ತು. "ನೆಟ್ಟಗೆ ಹೋಗೋಕೆ ಏನು ಧಾಡಿ ಅದಕ್ಕೆ?" ಅಂತ ನೀನು ಕಿವಿಯಲ್ಲಿ ಅಂದ ಹಾಗಾಯಿತು. ನಗು ಬಂತು. ಆಮೇಲೆ ನೋಡಿದರೆ ಉತ್ತರ ನಾನೇ ಬರೆದಿದ್ದೆ, ಮೂರು ಪುಟದಲ್ಲಿ ಚೆಲ್ಲಾಡಿತ್ತು. ತಿರುವಿನಲ್ಲಿ ಹೊರಗಡೆಯ ನೀರು ಜೋರು, ದಂಡೆ ಕೊರೆಯುತ್ತದೆ. ಒಳಗಡೆಯದು ನಿಧಾನ, ಮಣ್ಣು ಇಳಿಸಿ ಹೋಗುತ್ತದೆ. ಅದಕ್ಕೇ ಸ್ವಲ್ಪ ಬಾಗಿದ್ದು ಇನ್ನೂ ಬಾಗುತ್ತದೆ. ಅಷ್ಟೇ ವಿಷಯ, ನಾನು ಅದಕ್ಕೆ ಎಷ್ಟು ಒದ್ದಾಡಿದ್ದೆ!

ಈಗ ನನ್ನ ಪದ್ಧತಿ ಹೀಗಿದೆ. ಒಂದೊಂದು ಸಬ್ಜೆಕ್ಟಿಗೆ ಒಂದೊಂದು ಫೈಲು, ಪ್ರತಿ ಹಾಳೆಯ ತಲೆಯ ಮೇಲೆ ತಾರೀಖು, ಪಾಠದ ಹೆಸರು. ಹಾಳೆಗೆ ಉದ್ದಕ್ಕೂ ಒಂದು ಗೆರೆ. ಬಲಗಡೆ ದೊಡ್ಡ ಜಾಗ ಮೇಡಮ್ಮಿಗೆ, ಎಡಗಡೆ ಸಣ್ಣ ಜಾಗ ನಿನಗೆ. ಕ್ಲಾಸಿನಲ್ಲಿ ಮೊದಲು ಕೇಳುತ್ತೇನೆ, ಅರ್ಥವಾದದ್ದನ್ನು ನನ್ನ ಮಾತಲ್ಲಿ ಚುಟುಕಾಗಿ ಬರೆಯುತ್ತೇನೆ. ರೂಮಿಗೆ ಬಂದು ಕಾಫಿ ಕುಡಿಯುವ ಮೊದಲೇ ನಿನ್ನ ಪ್ರಶ್ನೆಗಳನ್ನು ಎಡಗಡೆ ಬರೆದುಬಿಡಬೇಕು, ನಾಳೆಗೆ ಅಂತಿಟ್ಟರೆ ಕೆಟ್ಟೆ. ವಾರದ ಕೊನೆಗೆ ಬಲಗಡೆಯ ಮೇಲೆ ಟವೆಲ್ ಮುಚ್ಚಿ, ನೀನು ಕೇಳಿದ್ದಕ್ಕೆಲ್ಲ ಬಾಯಿಬಿಟ್ಟು ಉತ್ತರ ಹೇಳುತ್ತೇನೆ. ತಡವರಿಸಿದ ಕಡೆ ಮತ್ತೆ ಓದುತ್ತೇನೆ. ಮೊದಲ ಸಲ ಬಣ್ಣದವಳು ಬಾಗಿಲಲ್ಲೇ ನಿಂತು "ಯಾರ ಜೊತೆನೇ ಜಗಳ?" ಅಂದಳು. "ನಮ್ಮಜ್ಜಿ ಜೊತೆ" ಅಂದೆ. ಈಗ ಅವಳೂ ಗೆರೆ ಎಳೆಯುತ್ತಾಳೆ, ಗುಲಾಬಿ ಬಣ್ಣದಲ್ಲಿ. ತೋಚದಿದ್ದಾಗ "ಇದಕ್ಕೆ ನಿಮ್ಮಜ್ಜಿ ಏನಂತಾರೆ?" ಅಂತ ನನ್ನನ್ನೇ ಕೇಳುತ್ತಾಳೆ.

ಮೊನ್ನೆ ಕ್ಲಾಸಿನಲ್ಲಿ ಧೈರ್ಯ ಮಾಡಿ ಎದ್ದು, "ಮೇಡಂ, ಬಾಗಿದ್ದು ಇನ್ನೂ ಬಾಗುತ್ತೆ ಸರಿ, ಮೊದಲು ಬಾಗಿಸಿದ್ದು ಯಾರು?" ಅಂತ ಕೇಳಿದೆ. ಮೇಡಂ ಖುಷಿಯಾಗಿ, ಅಡ್ಡ ಬಿದ್ದ ಒಂದು ಮರ ಸಾಕು, ದಂಡೆಯಲ್ಲಿ ಒಂದು ಕಡೆ ಮಣ್ಣು ಮೆತ್ತಗಿದ್ದರೂ ಸಾಕು ಅಂದರು. ಎರಡನೇ ಟೆಸ್ಟಿನಲ್ಲಿ ಪಾಸಾದೆ ಅಜ್ಜಿ, ಚೆನ್ನಾಗಿಯೇ ಪಾಸಾದೆ. ಟರ್ಮ್ ಪರೀಕ್ಷೆಗೆ ಕೂರುತ್ತೇನೆ.

ಈಗ ಹೇಳು, ಇಷ್ಟು ಹೊತ್ತು ಕೇಳಿದೆಯಲ್ಲ, ನಿನಗೆ ಏನೂ ಕೇಳಬೇಕು ಅನ್ನಿಸಲಿಲ್ಲವೇ? ಹಾಸ್ಟೆಲ್ ಊಟ ಹೇಗಿದೆ ಅಂತಾದರೂ ಕೇಳು. ಸಾರು ನೀರು, ಅನ್ನ ಮುದ್ದೆ. ಅಮ್ಮನಿಗೆ ನನ್ನ ನಮಸ್ಕಾರ, ಬೆನ್ನು ನೋವಿದ್ದರೆ ಕೂತೇ ಇಸ್ತ್ರಿ ಹಾಕಲಿ ಅಂತ ಹೇಳು. ನಿನ್ನ ಕಾಲು ಮುಟ್ಟಿದ್ದೇನೆ ಅಂದುಕೊಂಡು ತಲೆಯ ಮೇಲೊಂದು ಕೈ ಇಡು.

ಇಂತಿ,
ನಿನ್ನ ತರಲೆ

ತಾ.ಕ.: ಅಕ್ಕಾ, ಇಲ್ಲಿಂದ ಮುಂದೆ ಗಟ್ಟಿಯಾಗಿ ಓದಬೇಡ, ಇದು ನಿನಗೆ.

ನಿನ್ನ ಪತ್ರದ ಕೊನೆಯ ಸಾಲುಗಳನ್ನು ಓದಿದೆ. ತಲೆ ಬಾಚುತ್ತಿದ್ದಾಗ ಅಜ್ಜಿ ತಿರುಗಿ ನೋಡಿ, "ಯಾರಮ್ಮ ನೀನು? ಎಷ್ಟು ಮೆತ್ತಗೆ ಬಾಚ್ತೀಯಾ" ಅಂದಳು ಅಂತ ಬರೆದಿದ್ದೀ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ ಅಂತ ಬರೆದಿದ್ದೀ. "ನೀನು ಬರಬೇಡ ಕಣೇ, ನಿನ್ನನ್ನೂ ಹಾಗೇ ಕೇಳ್ತಾಳೆ, ನೀನು ತಡ್ಕೊಳಲ್ಲ" ಅಂತ ಬರೆದಿದ್ದೀ.

ತಡೆದುಕೊಳ್ಳುವುದಿಲ್ಲ, ನಿಜ. ಇದನ್ನು ಬರೆಯುವಾಗಲೂ ತಡೆಯಲಾಗುತ್ತಿಲ್ಲ. ದಿನವೂ ಅವಳಿಗೆ ಉಣಿಸಿ, ಮೀಯಿಸಿ, ಕೊನೆಗೆ ಆ ಮಾತು ಕೇಳಬೇಕಾದ ನಿನಗೆ ಹೇಗಾಗಿರಬೇಕು, ನನ್ನ ಊಹೆಗೆ ನಿಲುಕುವುದಿಲ್ಲ. ಆದರೆ ಅಕ್ಕಾ, ಅಜ್ಜಿ ಏನೂ ಕೇಳುವುದಿಲ್ಲ ಅಂತ ಮೇಲೆ ಬರೆದವಳೂ ನೀನೇ, ಇದನ್ನು ಕೆಳಗೆ ಬರೆದವಳೂ ನೀನೇ. ಕೇಳಿದ್ದಾಳಲ್ಲೇ! ಅವಳ ಬಾಯಲ್ಲಿ ಇನ್ನೂ ಒಂದು ಪ್ರಶ್ನೆ ಉಳಿದಿದೆ.

ಶನಿವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ನನ್ನನ್ನೂ ಯಾರು ಅಂತ ಕೇಳಲಿ. ಇಬ್ಬರೂ ಅವಳ ಬಲಗಡೆ ಕೂತು ಹೇಳೋಣ, ನೀನು ದೊಡ್ಡ ಮೊಮ್ಮಗಳು, ನಾನು ಚಿಕ್ಕವಳು ಅಂತ. ಮರೆತು ಮತ್ತೆ ಕೇಳಿದರೆ ಮತ್ತೆ ಹೇಳೋಣ. ನಾವು ಹೇಳಿದ್ದು ತಿಳಿಯುವ ತನಕ ಅವಳು ಯಾವತ್ತಾದರೂ ನಮ್ಮನ್ನು ಬಿಟ್ಟಿದ್ದಳೇ?