ಹಸಿರೂ ಅಲ್ಲ, ನೀಲಿಯೂ ಅಲ್ಲ

ಜನವರಿ 12, ಶುಕ್ರವಾರ

ಬೆಳಿಗ್ಗೆಯಿಂದ ಬರೀ ಎದೆಗೂಡುಗಳು. ಚಳಿ ಶುರುವಾದ ಮೇಲೆ ಊರಿಗೆ ಊರೇ ಕೆಮ್ಮುತ್ತಿದೆ. "ಉಸಿರು ಎಳ್ಕೊಳ್ಳಿ... ಹಿಡ್ಕೊಳ್ಳಿ... ಬಿಡಿ." ಹೇಳಿ ಹೇಳಿ ಬಾಯಿಗೆ ಎಷ್ಟು ಅಂಟಿದೆಯೆಂದರೆ, ಮನೆಗೆ ಬಂದು ಕುಕ್ಕರಿಗೂ ಅದನ್ನೇ ಹೇಳಿದೆ. ಸೀಸದ ಏಪ್ರನ್ ಹೊತ್ತು ಭುಜ ಬಿದ್ದುಹೋಗಿದೆ. ಎಕ್ಸ್‌ರೇ ರೂಮಿಗೆ ಕಿಟಕಿ ಇಲ್ಲ. ಬೂದು ಗೋಡೆ, ಬೂದು ಮೇಜು, ಬೂದು ಮೂಳೆ. ಮನೆಗೆ ಬಂದರೆ ಮದುವೆಯಾದಾಗಿನ ಕಂದು ಸೋಫಾ. ಕೂತರೆ ನೆಲ ತಾಗುತ್ತದೆ.

ಇವರಿಗೆ ಕಾಫಿ ಕೊಡುತ್ತಾ ಎಂದಿನಂತೆ ಗೊಣಗಿದೆ. ಎಂದಿನಂತೆ ಪೇಪರ್ ಮೇಲೆತ್ತಿ ಮುಖ ಮುಚ್ಚಿಕೊಳ್ಳುತ್ತಾರೆ ಅಂದುಕೊಂಡೆ. ಇಲ್ಲ. ಪೇಪರ್ ಮಡಚಿಟ್ಟು, "ಮಾಡ್ಸು. ಹಾಲ್ ಪೂರ್ತಿ ಮಾಡ್ಸು. ನಿಂಗೆ ಹೇಗೆ ಬೇಕೋ ಹಾಗೆ" ಅಂದರು.

ಇವರಾ? ಬಲ್ಬ್ ಹೋದರೆ "ಕತ್ತಲಿಗೆ ಕಣ್ಣು ಹೊಂದ್ಕೊಳ್ಳುತ್ತೆ ಬಿಡು" ಅನ್ನುವ ಇವರಾ? ಜ್ವರ ಇದೆಯೇನೋ ಅಂತ ಹಣೆ ಮುಟ್ಟಿ ನೋಡಿದೆ. ನಕ್ಕರು.

ಜನವರಿ 21, ಭಾನುವಾರ

ಗುಬ್ಬಿಗೆ ಕಾಲೇಜಿಲ್ಲ. ತಾಯಿ ಮಗಳು ಇಬ್ಬರೂ ಫೋನ್ ಹಿಡಿದು ಕೂತೆವು. ನನ್ನ ಮನಸ್ಸಿನಲ್ಲಿದ್ದದ್ದು ಜೇನಿನ ಬಣ್ಣ. ತಿಳಿ ಹಳದಿ ಗೋಡೆ, ಹಳದಿ ಬೆಳಕು. ಮಗಳು ಕೇಳಲೇ ಇಲ್ಲ.

"ಅಮ್ಮಾ, ಹಳದಿ ಬೇಡ. ನಿನ್ನ ಆಸ್ಪತ್ರೆ ವೇಟಿಂಗ್ ರೂಮ್ ಥರ ಆಗುತ್ತೆ. ಟೀಲ್ ನೋಡು. ಜೊತೆಗೆ ಟರ್ಕಾಯ್ಸ್ ಲೈಟ್ಸ್. ನೋಡು, ನೋಡು!"

ನೋಡಿದೆ. ನವಿಲಿನ ಕತ್ತಿನ ಹಾಗಿರುವ ಸೋಫಾ. ಮೇಲೆ ಗಾಜಿನ ದೀಪಗಳು, ತಿಳಿನೀರಿನ ತಳದಲ್ಲಿ ಬಿಸಿಲು ಬಿದ್ದ ಹಾಗೆ. ಚೆನ್ನಾಗಿದೆ ಅನ್ನಿಸಿತು. ಅವಳ ಉತ್ಸಾಹ ನೋಡಿ ಇನ್ನೂ ಚೆನ್ನಾಗಿ ಕಂಡಿತೋ ಏನೋ. ಇತ್ತೀಚೆಗೆ ಅವಳು ನನ್ನ ಪಕ್ಕ ಇಷ್ಟು ಹೊತ್ತು ಕೂತದ್ದೇ ಇಲ್ಲ.

ಫೆಬ್ರವರಿ 6, ಮಂಗಳವಾರ

ಮನೆ ತುಂಬ ಪೇಂಟ್ ವಾಸನೆ. ಊಟ ಅಡುಗೆಮನೆಯಲ್ಲಿ ನಿಂತುಕೊಂಡೇ. ಒಂದು ಗೋಡೆ ಮಾತ್ರ ಗಾಢ, ಉಳಿದದ್ದು ಬಿಳಿ.

"ಇದು ಹಸಿರಾ, ನೀಲೀನಾ?" ಅಂತ ಪೇಂಟರನ್ನು ಕೇಳಿದೆ.

"ಅಕ್ಕಾ, ನಾನು ಹಸಿರು ಅಂತೀನಿ, ನೀವು ನೀಲಿ ಅಂತೀರಿ. ಜಗಳ ಯಾಕೆ? ಒಣಗಲಿ, ಅದೇ ಹೇಳುತ್ತೆ."

ಒಣಗಿತು. ಏನೂ ಹೇಳಲಿಲ್ಲ. ಬೆಳಿಗ್ಗೆ ಹಸಿರು, ಸಂಜೆ ನೀಲಿ. ಅದೇ ನನಗೆ ಇಷ್ಟ.

ಫೆಬ್ರವರಿ 24, ಶನಿವಾರ

ಸೋಫಾ ಬಂತು! ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡು, ಕೆಳಗೂ ಹೋಗದೆ ಮೇಲೂ ಬಾರದೆ ನಿಂತಿತು. ಇಡೀ ಕಟ್ಟಡವೇ ಬಂದು ಸಲಹೆ ಕೊಟ್ಟಿತು. ಕೈ ಹಚ್ಚಿದವರು ಮಾತ್ರ ಯಾರೂ ಇಲ್ಲ. ಕೊನೆಗೆ ಕಾಲು ಬಿಚ್ಚಿ ತಂದರು. ಒಂಟಿ ಕುರ್ಚಿ ಟರ್ಕಾಯ್ಸ್, ಕಿಟಕಿ ಪಕ್ಕ. ಅದು ನನ್ನದು ಅಂತ ಮೊದಲೇ ಘೋಷಿಸಿದ್ದೇನೆ.

ಎಲೆಕ್ಟ್ರಿಷಿಯನ್ ಮೂರು ಗಾಜಿನ ಶೇಡ್ ನೇತುಹಾಕಿ ಸ್ವಿಚ್ ಒತ್ತಿದ. ನಮ್ಮ ಮನೆ ಅಂತ ನಂಬಿಕೆಯೇ ಬರಲಿಲ್ಲ. ಕಣ್ಣು ತುಂಬಿ ಬಂತು. ಲೈಟಿಗೆ ಯಾರಾದರೂ ಅಳುತ್ತಾರಾ!

ಇವರು ಒಂದೇ ಸಮನೆ ಫೋಟೋ ತೆಗೆದರು. ಹಾಲ್, ಬಾಲ್ಕನಿ, ಬಟ್ಟೆ ಒಗೆಯುವ ಜಾಗ ಕೂಡ. "ಆಫೀಸಿನಲ್ಲಿ ತೋರಿಸ್ಬೇಕು" ಅಂತ. ಹೊಸ ಕುರ್ಚಿಯಲ್ಲಿ ಠೀವಿಯಿಂದ ಕೂತೆ. "ಸ್ವಲ್ಪ ಆಚೆ ಹೋಗೇ, ರೂಮ್ ಪೂರ್ತಿ ಬರ್ಲಿ" ಅಂದರು. ಹೋದೆ.

ಮಾರ್ಚ್ 10, ಭಾನುವಾರ

ಇವರ ಆಫೀಸಿನ ಪರಿಚಯದವರಂತೆ, ಗಂಡ ಹೆಂಡತಿ ಬಂದಿದ್ದರು. ಆಕೆ ಮೃದು ಮಾತಿನ ಹೆಂಗಸು. ಮನೆ ನೋಡಿ ಮರುಳಾಗಿಹೋದರು. ಪ್ರತಿ ರೂಮೂ ತೋರಿಸಿದೆ. ಬೀರು ತೆಗೆದು ನೋಡಿದರು, ಬಚ್ಚಲ ನಲ್ಲಿ ತಿರುಗಿಸಿ ನೋಡಿದರು. "ಬೇಸಿಗೇಲಿ ನೀರು ಬರುತ್ತಾ?" ಅಂತ ಕೇಳಿದರು. ಎಷ್ಟು ಆಸಕ್ತಿ ಅಂತ ನನಗೆ ಹೆಮ್ಮೆ. ಬಣ್ಣದ ಹೆಸರು, ಅಂಗಡಿ, ದೀಪ ಒರೆಸುವ ಬಗೆ, ಎಲ್ಲವನ್ನೂ ಬಾಯಿಬಿಟ್ಟು ಹೇಳಿದ್ದೇ ಹೇಳಿದ್ದು.

ಗುಬ್ಬಿ ಹೊರಗೇ ಬರಲಿಲ್ಲ. ತಲೆನೋವಂತೆ.

ಮಾರ್ಚ್ 19, ಮಂಗಳವಾರ, ಮಧ್ಯಾಹ್ನ 3

ಹಲ್ಲುನೋವು. ಡ್ಯೂಟಿಗೆ ಹೋಗಲಿಲ್ಲ. ಕುರ್ಚಿಯಲ್ಲಿ ಕೆನ್ನೆ ಹಿಡಿದು ಕೂತಿದ್ದೆ. ಹೊರಗಿನಿಂದ ಕೀ ತಿರುಗಿದ ಸದ್ದು. ಗುಬ್ಬಿ ಬೇಗ ಬಂದಳೇನೋ ಅಂದುಕೊಂಡೆ. ಒಳಗೆ ಬಂದದ್ದು ಆ ಹೆಂಗಸು. ಕೈಯಲ್ಲಿ ಅಳತೆ ಟೇಪು. ನನ್ನನ್ನು ನೋಡಿ ಆಕೆಗೇ ಗಾಬರಿ.

"ಅಯ್ಯೋ! ನೀವು ಡ್ಯೂಟೀಲಿರ್ತೀರಿ, ವಾಚ್‌ಮನ್ ಹತ್ರ ಕೀ ಇಸ್ಕೊಳ್ಳಿ ಅಂದಿದ್ರು ನಿಮ್ಮ ಯಜಮಾನ್ರು. ಕರ್ಟನ್‌ಗೆ ಅಳತೆ ತಗೊಂಡು ಹೋಗ್ಬಿಡ್ತೀನಿ."

"ಯಾವ ಕರ್ಟನ್?"

"ಇದೇ ಕಿಟಕಿಗೆ. ನಿಮ್ದು ಚೆನ್ನಾಗಿದೆ, ಆದ್ರೆ ನಮ್ಮತ್ತೆಗೆ ಬೆಳಕು ಆಗಲ್ಲ. ಸೋಫಾ, ಲೈಟು ಎಲ್ಲಾ ಬಿಟ್ಟೇ ಹೋಗ್ತೀರಂತಲ್ಲ? ನಂಗಂತೂ ಅದೇ ಖುಷಿ. ನಿಮ್ಗೆ ಹೊಟ್ಟೆ ಉರಿಯಲ್ವಾ ಬಿಟ್ಟು ಹೋಗಕ್ಕೆ?"

ಮುಖದ ಮೇಲೆ ಏನೂ ಬರಗೊಡಲಿಲ್ಲ. ಇಷ್ಟು ವರ್ಷ ರೋಗಿಗಳ ಮುಂದೆ ಮುಖ ಕಾಯ್ದುಕೊಂಡದ್ದು ಇದಕ್ಕೇ ಉಪಯೋಗವಾಯಿತೇನೋ. "ಯಾವಾಗ ಬರ್ತೀರಿ?" ಅಂದೆ.

"ಮುಂದಿನ ತಿಂಗಳು ರಿಜಿಸ್ಟ್ರೇಷನ್ ಆಗ್ಲಿ. ಮಕ್ಕಳು ಈಗ್ಲೇ ಕುಣೀತಿದಾವೆ."

ಟೇಪಿನ ಇನ್ನೊಂದು ತುದಿ ಹಿಡಿದುಕೊಂಡೆ. ಯಾಕೆ ಹಿಡಿದೆನೋ ಗೊತ್ತಿಲ್ಲ. ಒಬ್ಬರಿಗೆ ಎಟುಕುತ್ತಿರಲಿಲ್ಲ, ಅದಕ್ಕೆ. ನೀರು ಕೊಟ್ಟು, ಬಾಗಿಲವರೆಗೆ ಬಿಟ್ಟು ಬಂದೆ.

ಹಲ್ಲುನೋವು ಎಲ್ಲಿ ಹೋಯಿತೋ.

ಅದೇ ದಿನ, ಸಂಜೆ

ಇವರು ಶೂ ಬಿಚ್ಚುತ್ತಿದ್ದರು. "ಕರ್ಟನ್ ಅಳತೆ ಆಯ್ತು. ಇನ್ನೇನಾದ್ರೂ ಬಾಕಿ ಇದ್ಯಾ?" ಅಂದೆ.

ಒಂದು ಶೂ ಕೈಯಲ್ಲೇ ಉಳಿಯಿತು. ಸುಳ್ಳು ಹೇಳಲಿಲ್ಲ, ಅಷ್ಟರ ಮಟ್ಟಿಗೆ ಪುಣ್ಯ. ಬೇರೆ ಊರಿನ ಬ್ರಾಂಚಿಗೆ ಇವರನ್ನೇ ಮುಖ್ಯಸ್ಥರಾಗಿ ಮಾಡಿದ್ದಾರಂತೆ. ಒಪ್ಪಿಕೊಂಡು ಆಗಿದೆಯಂತೆ. ಹೊಸ ವರ್ಷಕ್ಕೆ ಮೊದಲೇ.

"ಇಲ್ಲೇ ಇದ್ರೆ ಗುಮಾಸ್ತನಾಗೇ ರಿಟೈರ್ ಆಗ್ತೀನಿ. ಒಂದ್ಸಲನಾದ್ರೂ ನಾನು ನಾಲ್ಕು ಜನರ ಮುಂದೆ ತಲೆ ಎತ್ಬಾರ್ದಾ?"

"ಎತ್ತಿ. ನಾನೇನು ಕತ್ತು ಹಿಡ್ಕೊಂಡಿದ್ನಾ? ಮನೆ ಮಾರ್ತೀನಿ ಅಂತ ಒಂದು ಮಾತು ಹೇಳೋಕೆ ಏನಾಗಿತ್ತು?"

"ನೀನು ಒಪ್ತಿರ್ಲಿಲ್ಲ. ನಿನ್ನ ಆಸ್ಪತ್ರೆ, ನಿನ್ನ ಕೆಲಸ ಅಂತಿದ್ದೆ."

"ಅದಕ್ಕೇ ಕೇಳ್ಲೇ ಇಲ್ಲ. ಮನೆ ಇಬ್ಬರ ಹೆಸರಲ್ಲಿದೆ. ನನ್ನ ಸಹಿ ಬೇಡ್ವಾ?"

ಶೂ ಕೆಳಗಿಟ್ಟರು. ನೆಲ ನೋಡಿಕೊಂಡು ಹೇಳಿದರು. "ಬೇಕು. ನೀನು ಖುಷಿಯಾಗಿರೋವಾಗ ಕೇಳೋಣ ಅಂತ..."

ಹಾಗಾದರೆ ಈ ಸೋಫಾ? ಈ ದೀಪ? ಸಿಂಗರಿಸಿದ ಮನೆ ಬೇಗ ಹೋಗುತ್ತದೆ ಅಂತ ಬ್ರೋಕರ್ ಹೇಳಿದನಂತೆ.

ಸಿಂಗಾರ ಮಾಡಿದವಳು ನಾನು. ಬಾಗಿಲು ತೆಗೆದು ಒಳಗೆ ಕರೆದವಳು ನಾನು. ಬಚ್ಚಲ ನಲ್ಲಿಯವರೆಗೂ ತೋರಿಸಿದವಳು...

ಮಾರ್ಚ್ 20, ಬುಧವಾರ

ರಾತ್ರಿಯೆಲ್ಲಾ ಒಂದೇ ಸಮಾಧಾನ ಇತ್ತು. ಗುಬ್ಬಿ ಇದ್ದಾಳೆ. ಅವಳಿಗೆ ಗೊತ್ತಾದರೆ ಅಪ್ಪನ ಗ್ರಹಚಾರ ಬಿಡಿಸುತ್ತಾಳೆ.

ಬೆಳಿಗ್ಗೆ ಅಡುಗೆಮನೆಯಲ್ಲಿ ಹೇಳಿದೆ. "ನಿಮ್ಮಪ್ಪ ಏನ್ ಮಾಡಿದಾರೆ ಗೊತ್ತೇನೇ?"

"ಏನಮ್ಮಾ" ಅಂತ ಅವಳು ಕೇಳಲಿಲ್ಲ.

ಅಷ್ಟೇ. ಅಷ್ಟರಲ್ಲೇ ಗೊತ್ತಾಯಿತು. ಒಲೆ ಆರಿಸಿ ಅವಳ ಕಡೆ ತಿರುಗಿದೆ.

"ಯಾವಾಗಿಂದ?"

"ಮೊದಲಿಂದ್ಲೂ." ಗೋಡೆಗೆ ಒರಗಿ ಕುಸಿದಳು. "ಅಮ್ಮಾ, ಆ ಊರಲ್ಲಿ ಡಿಸೈನ್ ಕಾಲೇಜಿದೆ. ಸೇರಿಸ್ತೀನಿ ಅಂದ್ರು ಅಪ್ಪ. ಅಮ್ಮಂಗೆ ನಾನೇ ಹೇಳ್ತೀನಿ, ನೀನು ಬಾಯಿ ಬಿಡ್ಬೇಡ ಅಂದ್ರು. ನಾನು ಹೇಳ್ಬೇಕು ಅಂತಾನೇ ಇದ್ದೆ. ಆದ್ರೆ ನೀನು ಎಷ್ಟು ಖುಷಿಯಾಗಿದ್ದೆ ಅಂದ್ರೆ..."

ಮತ್ತೆ ಅದೇ ಮಾತು. ನನ್ನ ಖುಷಿ ಎಲ್ಲರಿಗೂ ಎಷ್ಟು ಅನುಕೂಲವಾಗಿತ್ತು.

ಆಮೇಲೆ ಕೇಳಬಾರದ ಒಂದು ಪ್ರಶ್ನೆ ಕೇಳಿದೆ. "ಈ ಬಣ್ಣ?"

"ಬ್ರೋಕರ್ ಅಂಕಲ್ ಫೋಟೋ ಕಳಿಸಿದ್ರು. ಈಗ ಎಲ್ಲರೂ ಇದನ್ನೇ ಕೇಳ್ತಾರೆ, ಹಳದಿ ಬೇಡ ಅಂತ ಹೇಳಿದ್ರು."

ಗಂಡ ಕಣ್ಣಿಗೆ ಮಣ್ಣೆರಚಿದರೆ ಉಜ್ಜಿಕೊಂಡು ಎದ್ದು ನಿಲ್ಲಬಹುದೇನೋ. ಆ ಭಾನುವಾರ ಇವಳು ನನ್ನ ಭುಜಕ್ಕೆ ತಲೆ ಇಟ್ಟು, "ನೋಡು, ನೋಡು" ಅಂದಿದ್ದಳು.

ಏಪ್ರಿಲ್ 6, ಶನಿವಾರ

ಬರೆಯಲು ಮನಸ್ಸಿರಲಿಲ್ಲ. ಹಾಲ್‌ನಲ್ಲಿ ದೀಪ ಹಚ್ಚುವುದಿಲ್ಲ. ಅಡುಗೆಮನೆಯ ಟ್ಯೂಬ್‌ಲೈಟ್ ಕೆಳಗೆ ಸ್ಟೂಲ್ ಹಾಕಿ ಕೂರುತ್ತೇನೆ. ಮೂರು ಜನ ಮನೆಯಲ್ಲಿ, ಉಪ್ಪು ಕೊಡು ಅನ್ನುವಷ್ಟೇ ಮಾತು.

ಇವರ ಅಣ್ಣ ಫೋನ್ ಮಾಡಿ ಬುದ್ಧಿ ಹೇಳಿದರು. "ಹೆಂಗಸರು ಸ್ವಲ್ಪ ಹೊಟ್ಟೆಗೆ ಹಾಕ್ಕೋಬೇಕಮ್ಮಾ." ಹಾಕಿಕೊಂಡು ಹಾಕಿಕೊಂಡು ಜಾಗ ತುಂಬಿಹೋಗಿದೆ ಭಾವ, ಅಂದೆ. ಫೋನ್ ಇಟ್ಟರು.

ಸಹಿ ಹಾಕುವುದಿಲ್ಲ. ಇವರಿಗೆ ಹೇಳಿಯಾಗಿದೆ. ಕೂಗಾಡಲಿಲ್ಲ ನಾನು. ಅದಕ್ಕೇ ಇವರಿಗೆ ಹೆದರಿಕೆಯಾಗಿದೆ ಅನ್ನಿಸುತ್ತದೆ.

ಏಪ್ರಿಲ್ 14, ಭಾನುವಾರ

ಆ ಹೆಂಗಸಿಗೆ ಹೇಳುವ ಕೆಲಸವನ್ನೂ ಇವರು ಮುಂದೂಡುತ್ತಲೇ ಇದ್ದರು. ನಾನೇ ಕರೆದು, ಸೋಫಾದ ಮೇಲೆ ಕೂರಿಸಿ ಹೇಳಿದೆ. "ಮನೆ ಮಾರೋದಿಲ್ಲ. ಮಾರ್ತಿದೀವಿ ಅನ್ನೋದು ನಂಗೆ ಗೊತ್ತಾಗಿದ್ದೇ ನೀವು ಟೇಪು ಹಿಡ್ಕೊಂಡು ಬಂದ ದಿನ."

ಆಕೆಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಮುಖ ಕೆಂಪಾಯಿತು. "ನೀವು ಟೇಪು ಹಿಡ್ಕೊಂಡ್ರಲ್ರೀ ಅವತ್ತು..." ಅಂದರು. ಬೈಯುತ್ತಾರೆ ಅಂದುಕೊಂಡಿದ್ದೆ. ನನ್ನ ಕೈ ಹಿಡಿದುಕೊಂಡು ಅತ್ತರು. ಮಕ್ಕಳಿಗೆ ಏನು ಹೇಳಲಿ ಅಂತಲೋ, ನನ್ನ ಸಲುವಾಗಿಯೋ, ಎರಡಕ್ಕೂ ಇರಬಹುದು. ಈ ಇಡೀ ವ್ಯವಹಾರದಲ್ಲಿ ನನ್ನ ಮುಂದೆ ಅತ್ತ ಮೊದಲ ಜೀವ. ಹೊರಗಿನವಳು.

ಮೇ 26, ಭಾನುವಾರ

ಇವರು ಹೊರಟರು. ಎರಡು ಸೂಟ್‌ಕೇಸ್. ಬಾಗಿಲಲ್ಲಿ ನಿಂತು ಬಹಳ ಹೊತ್ತು ಕೀ ಹುಡುಕಿದರು. ಕೀ ಕೈಯಲ್ಲೇ ಇತ್ತು.

"ನೀನು ಯಾವತ್ತೂ ಹೀಗಿರ್ಲಿಲ್ಲ."

"ನೀವೂ ಹೀಗಿಲ್ಲ ಅಂದ್ಕೊಂಡಿದ್ದೆ."

ಕೀ ಮೇಜಿನ ಮೇಲಿಟ್ಟು ಹೋದರು. ಮೆಟ್ಟಿಲ ತಿರುವಿನಲ್ಲಿ ಸೂಟ್‌ಕೇಸ್ ಗೋಡೆಗೆ ತಾಗಿದ ಸದ್ದು. ಕಿಟಕಿಗೆ ಹೋಗಬಾರದು ಅಂದುಕೊಂಡೆ. ಹೋದೆ. ಮೇಲೆ ನೋಡಲಿಲ್ಲ ಇವರು.

ಗುಬ್ಬಿಯ ಕಾಲೇಜು ಮುಂದಿನ ತಿಂಗಳು. ಅವಳೂ ಅಲ್ಲಿಗೇ, ಹಾಸ್ಟೆಲ್. "ಬೇಡ ಅಂದ್ರೆ ಹೋಗಲ್ಲ" ಅಂದಳು. ಬೇಡ ಅನ್ನಲಿಲ್ಲ. ಅವಳ ಆಸೆ ಸುಳ್ಳಾಗಿರಲಿಲ್ಲವಲ್ಲ.

ಜುಲೈ 14, ಭಾನುವಾರ

ಹೊಸ ಪೇಂಟ್ ಹೊಡೆಸಿಬಿಡೋಣ ಅಂತ ಪೇಂಟರನ್ನು ಕರೆಸಿದ್ದೆ. ಬಂದು ಗೋಡೆ ಮುಟ್ಟಿ ನೋಡಿದ. "ಯಾಕಕ್ಕಾ? ಬೇಜಾರಾಯ್ತಾ?" ಬಾಯಿ ತೆರೆದೆ, ಹೌದು ಅನ್ನಲಾಗಲಿಲ್ಲ. ಚಹಾ ಕುಡಿಸಿ ಕಳಿಸಿದೆ.

ಅವನು ಹೋದ ಮೇಲೆ, ಎಷ್ಟೋ ದಿನದ ಮೇಲೆ, ಮೂರೂ ದೀಪ ಹಚ್ಚಿದೆ. ಕುರ್ಚಿಯಲ್ಲಿ ಕೂತೆ. ಸಂಜೆ. ಗೋಡೆ ಹಸಿರಿನಿಂದ ನೀಲಿಗೆ ಜಾರುತ್ತಿತ್ತು. ಇಷ್ಟವಾಯಿತು. ಈಗಲೂ ಇಷ್ಟವೇ. ಅದೇ ನನ್ನ ಸಂಕಟ. ಯಾರದೋ ವ್ಯಾಪಾರಕ್ಕೆ ಬಂದ ಬಣ್ಣ, ನನ್ನ ಕಣ್ಣಿಗೆ ಹೀಗೆ ಹಿತವಾಗಬಾರದಿತ್ತು.

ಅಕ್ಟೋಬರ್ 6, ಭಾನುವಾರ, ಬೆಳಿಗ್ಗೆ 11

ಗುಬ್ಬಿ ರಜೆಗೆ ಬಂದಿದ್ದಾಳೆ. ಬಂದವಳೇ ಸ್ಟೂಲ್ ಹತ್ತಿ ದೀಪದ ಶೇಡ್ ಬಿಚ್ಚಿ ಕೊಟ್ಟಳು. ನಾನು ಸೋಪಿನ ನೀರಿನಲ್ಲಿ ತೊಳೆದೆ. ಅಪ್ಪ ಅಲ್ಲಿ ಒಂಟಿ ರೂಮಿನಲ್ಲಿದ್ದಾರಂತೆ. ತಾವೇ ಅಡುಗೆ ಮಾಡಿಕೊಳ್ಳುತ್ತಾರಂತೆ, ದಿನಾ ಸೀಯಿಸುತ್ತಾರಂತೆ. ನಗು ಬಂತು. ಇಬ್ಬರೂ ನಕ್ಕೆವು.

ಆಮೇಲೆ, ಮೇಲಿನಿಂದಲೇ, ನನ್ನ ಕಡೆ ನೋಡದೆ, "ಅಮ್ಮಾ, ನನ್ ಮೇಲೆ ಇನ್ನೂ ಕೋಪ ಇದ್ಯಾ?" ಅಂದಳು.

"ಇಲ್ಲ" ಅಂದೆ. ಗಾಜು ಒರೆಸುತ್ತಾ.

ಈಗ ಸ್ನಾನಕ್ಕೆ ಹೋಗಿದ್ದಾಳೆ. "ಇಲ್ಲ" ಅಂದದ್ದು ನಿಜವೇ ಅಂತ ಬರೆದು ನೋಡೋಣ ಅಂತ ಕೂತೆ. ಕೋಪ ಇಲ್ಲ. ಕೋಪ ಹೋಗಿ ಬಹಳ ಕಾಲವಾಯಿತು. ಆದರೆ ಅವಳು ಏನೇ ಹೇಳಲಿ, ಊಟ ಆಯ್ತು ಅಂದರೂ, ಬಸ್ಸು ತಡವಾಯ್ತು ಅಂದರೂ, ಒಂದು ಕ್ಷಣ ಮುಖ ನೋಡುತ್ತೇನೆ. ನೋಡಬಾರದು ಅಂದುಕೊಂಡೇ ನೋಡುತ್ತೇನೆ. ಅವಳಿಗೂ ಅದು ಗೊತ್ತಾಗಿದೆ. ಕೇಳದಿದ್ದರೂ ಎಲ್ಲಾ ಹೇಳುತ್ತಾಳೆ ಈಗ. ಯಾರ ಜೊತೆ ಹೋದೆ, ಎಲ್ಲಿ ಇಳಿದೆ, ಎಲ್ಲಾ. ಬೆಳಿಗ್ಗೆ ಬ್ಯಾಗ್ ಇಡುತ್ತಲೇ ಬಸ್ ಟಿಕೆಟ್ ತೆಗೆದು ತೋರಿಸಿದಳು. ನಾನು ಕೇಳಿರಲಿಲ್ಲ. ಒಳಗಿಡು ಕಂದಾ, ಇದೆಲ್ಲಾ ಬೇಡ, ಅನ್ನಬೇಕಿತ್ತು. ಬಾಯಿಗೂ ಬಂದಿತ್ತು. ಅನ್ನದೆ, ಟಿಕೆಟ್ ಕೈಗೆ ತೆಗೆದುಕೊಂಡು, ತಾರೀಖು ನೋಡಿದೆ.