ಉಷ್ಣ ಅಂತ ಕರೆದದ್ದು

ಶಿಡ್ಲಘಟ್ಟ, ೩ ಜುಲೈ ೧೯೯೧, ಬುಧವಾರ

ಇವತ್ತೂ ಮೆಂತ್ಯದ ನೀರು. ನಿನ್ನೆ ಎಳನೀರು, ಮೊನ್ನೆ ನೆತ್ತಿಗೆ ಹರಳೆಣ್ಣೆ. ನಾನು ಮತ್ತೆ ಬಸುರಿ ಅಂತ ಗೊತ್ತಾದಾಗಿಂದ ಅತ್ತೆ ನನ್ನನ್ನು ತಣ್ಣಗೆ ಮಾಡುವ ಕೆಲಸ ಹಿಡಿದಿದ್ದಾರೆ. ಹಿಂದಿನ ಎರಡೂ ಹೊಟ್ಟೆಯಲ್ಲೇ ಹೋದದ್ದು ಉಷ್ಣಕ್ಕಂತೆ. "ದಿನಾ ಕುದಿಯೋ ನೀರಿನ ಮುಂದೆ ಕೂತು ರೇಷ್ಮೆ ಗೂಡಿಂದ ನೂಲು ತೆಗೀತೀಯ. ವೇಡಿ ಆಗದೆ ಇನ್ನೇನಾಗ್ತದೆ ಕಣಮ್ಮ?" ಅತ್ತೆಗೆ ಉಷ್ಣ ಅನ್ನೋದು ತೆಲುಗಲ್ಲೇ ಬರಬೇಕು — ವೇಡಿ.

ಈ ಬೀದಿಯ ಹೆಂಗಸರೆಲ್ಲ ಬಿಸಿನೀರಿನ ಮುಂದೆಯೇ ಕೂರುತ್ತಾರೆ. ಅವರ ಮಕ್ಕಳು ಬೀದಿ ತುಂಬಾ ಓಡಾಡ್ತಿವೆ. ಬಾಯಿಬಿಟ್ಟು ಕೇಳಲಿಲ್ಲ. ಕೇಳಿದರೆ ಇನ್ನೊಂದು ಲೋಟ ಮೆಂತ್ಯ.

ಇವರು ರೇಷ್ಮೆ ಮಾರೋಕೆ ಕಂಚಿಗೆ ಹೋಗಿದ್ದಾರೆ. ಬರೋದು ಯಾವಾಗಲೋ.

೯ ಜುಲೈ

ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಹೋಗಿಬಂದೆ. ಲೇಡಿ ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ ರಕ್ತ ತೆಗೆಸಿದರು. "ಎರಡು ಹೋಗಿದೆ ಅಂತೀಯ. ರಕ್ತ ಯಾರೂ ನೋಡ್ಲಿಲ್ವಾ?"

"ಇಲ್ಲ ಮೇಡಂ. ಬರೀ ಮೆಂತ್ಯ ಕುಡಿಸಿದ್ದಾರೆ" ಅಂದುಬಿಟ್ಟೆ. ನಕ್ಕರು. ನನಗೂ ನಗು ಬಂತು. ಆಮೇಲೆ ಬಸ್ಸಿನಲ್ಲಿ ಸುಮ್ಮಸುಮ್ಮನೆ ಅಳು.

೧೬ ಜುಲೈ, ಸಂಜೆ

ಉಷ್ಣ ಅಲ್ಲ.

ಡಾಕ್ಟರು ಬಾಗಿಲು ಮುಚ್ಚಿ ಕೂರಿಸಿ ಹೇಳಿದರು. ಸಿಫಿಲಿಸ್ ಅಂತ. ಹಳಬರು ಪರಂಗಿ ಹುಣ್ಣು ಅಂತಿದ್ದರಂತೆ. ನನಗೆ ಯಾವ ಹುಣ್ಣೂ ಆಗಿಲ್ಲ ಅಂದೆ. "ನೋವಿಲ್ಲದೆ ಬಂದು ತಾನೇ ಮಾಯುತ್ತಮ್ಮ, ಎಷ್ಟೋ ಜನಕ್ಕೆ ಕಾಣೋದೇ ಇಲ್ಲ. ರಕ್ತದಲ್ಲಿ ಮಾತ್ರ ಉಳ್ಕೊಳ್ಳುತ್ತೆ. ಅಲ್ಲಿಂದ ಮಗುಗೆ ಹೋಗುತ್ತೆ." ತಟ್ಟೆ ಲೋಟದಿಂದ ಬರೋದಲ್ಲ. ಗಂಡು ಹೆಣ್ಣು ಸೇರೋದರಿಂದ ಬರೋದು.

ಅಂದರೆ ಇವರಿಂದ. ಇನ್ಯಾರಿಂದ?

ಮದ್ದಿದೆ. ಪೆನ್ಸಿಲಿನ್ ಸೂಜಿ, ವಾರಕ್ಕೊಂದರಂತೆ ಮೂರು. ಈಗಲೇ ಹಾಕಿಸಿದರೆ ಮಗು ಉಳಿಯೋ ಭರವಸೆ ಚೆನ್ನಾಗಿದೆ. ಆದರೆ ಗಂಡನೂ ಬಂದು ರಕ್ತ ಕೊಡಬೇಕು, ಸೂಜಿ ಹಾಕಿಸಿಕೊಳ್ಳಬೇಕು. ಅಲ್ಲಿಯವರೆಗೆ ದೂರ ಇರಬೇಕು. ನನಗೊಬ್ಬಳಿಗೇ ವಾಸಿಯಾದರೆ ಅವರಿಂದ ಮತ್ತೆ ಬರುತ್ತಂತೆ, ಮತ್ತೆ ಮಗುಗೆ...

ಮೊದಲನೇದು ಹಾಕಿಸಿಕೊಂಡೆ. ಸೊಂಟ ಹಿಡಿದುಕೊಂಡಿದೆ. ಸ್ವಲ್ಪ ಚಳಿಜ್ವರ. ಬರಬಹುದು ಅಂತ ಮೊದಲೇ ಹೇಳಿದ್ದರು. ಇವರ ಮೇಲೆ ಮೈಯೆಲ್ಲ ಉರಿಯೋ ಸಿಟ್ಟು. ಆದರೂ ಎದೆ ಮೇಲಿನ ಕಲ್ಲು ಇಳಿದ ಹಾಗಿದೆ. ಇಷ್ಟು ವರ್ಷ ನನ್ನ ಮೈಯೇ ಮಕ್ಕಳನ್ನು ಬೇಯಿಸಿ ಕೊಲ್ಲುತ್ತೆ ಅಂದುಕೊಂಡಿದ್ದೆ. ಅಲ್ಲವಂತೆ. ಆ ಒಂದು ಮಾತಿಗೆ ಡಾಕ್ಟರ ಕಾಲಿಗೆ ಬೀಳಬೇಕು ಅನ್ನಿಸಿತು.

೨೨ ಜುಲೈ

ಇವರು ಬಂದರು. ಊಟಕ್ಕೆ ಬಡಿಸುತ್ತಾ ಹೇಳಿದೆ.

"ಹೆಂಗಸ್ರ ಕಾಯ್ಲೆಗೆ ನನಗ್ಯಾಕೆ ಸೂಜಿ? ಗುಂಡುಕಲ್ಲಿನಂಗಿದ್ದೀನಿ." ಆಮೇಲೆ ದನಿ ಇಳಿಸಿ — "ನಿನಗೆಲ್ಲಿಂದ ಬಂತೋ, ಯಾರಿಗೆ ಗೊತ್ತು."

"ನಾನು ಈ ಊರು ದಾಟೋದು ಗೌರಿಬಿದನೂರಿಗೆ, ನನ್ನ ತವರಿಗೆ. ಕಂಚೀಲಿ ವಾರಗಟ್ಟಲೆ ಇರೋರು ನೀವು" ಅಂದೆ. ಅಂದೇಬಿಟ್ಟೆ! ತಟ್ಟೆ ತಳ್ಳಿ ಎದ್ದು ಹೋದರು.

ಹಿತ್ತಲಲ್ಲಿ ಅತ್ತೆಯ ರುಬ್ಬುಗುಂಡಿನ ಸದ್ದು ನಿಂತಿತ್ತು. ಎಲ್ಲ ಕೇಳಿಸಿದೆ. ನಾಳೆ ಇನ್ನೇನು ಗ್ರಹಚಾರವೋ. ನಮ್ಮತ್ತೆ ಅಕ್ಕಯ್ಯಮ್ಮ ಅಂದರೆ ಬೀದಿಯೇ ಹೆದರುತ್ತೆ. ಇವರು ಸೂಜಿಗೆ ಬರದಿದ್ದರೆ ಈ ಮಗುವೂ...

೨೩ ಜುಲೈ

ಬೆಳಗ್ಗೆ ಎದ್ದರೆ ಅತ್ತೆ ಒಳ್ಳೆ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಾರೆ. "ಚಲಪತೀ, ಚಪ್ಪಲಿ ಮೆಟ್ಟೋ. ಬಸ್ಸು ಬರ್ತದೆ."

"ಎಲ್ಲಿಗಮ್ಮ?"

"ಸೂಜಿಗೆ. ಕಂಚೀಲಿ ಎಲ್ಲಿ ಮಲಗ್ತೀಯ ಅಂತ ನಾನು ಕೇಳಲ್ಲ. ಈ ಹುಡುಗಿ ಮೇಲೆ ಇನ್ನೊಂದು ಮಾತು ಹಾಕಿದ್ರೆ ಮಾತ್ರ ಬಾರುಕೋಲು ತಗೊತೀನಿ."

ಮೀಸೆ ಹೊತ್ತ ಗಂಡಸು ಕುರಿಯ ಹಾಗೆ ಬಂದರು! ರಕ್ತ ಕೊಟ್ಟರು, ಸೂಜಿ ಹಾಕಿಸಿಕೊಂಡರು. ನನಗೂ ಎರಡನೇದು ಆಯಿತು. ನರ್ಸು ನಿರೋಧ್ ಪೊಟ್ಟಣ ಕೈಗಿಟ್ಟಾಗ ಕರ್ಚೀಫಿನಲ್ಲಿ ಮುಚ್ಚಿಕೊಂಡರು. ಮಕ್ಕಳು ಬೇಡ ಅನ್ನೋರಿಗೆ ಮಾತ್ರ ಅದು ಅಂದುಕೊಂಡಿದ್ದೆ. ಇಂಥ ಕಾಯಿಲೆಗಳಿಗೂ ತಡೆಯಂತೆ.

ವಾಪಸ್ ಬರುವಾಗ ಇವರು ಮುಂದಿನ ಸೀಟಲ್ಲಿ. ಅತ್ತೆ ನನ್ನ ಪಕ್ಕ, ಕಿಟಕಿ ಆಚೆ ನೋಡುತ್ತಾ ಹೇಳಿದರು. "ಇವನಿಗಿಂತ ಮುಂಚೆ ನನಗೂ ಮೂರು ಹೋದ್ವು ಕಣೇ ಶ್ಯಾಮಲಾ. ನಿಮ್ಮ ಮಾವನೂ ರೇಷ್ಮೆ ಹೊತ್ಕೊಂಡು ಊರೂರು ತಿರುಗ್ತಿದ್ರು. ವೇಡಿ ಅಂದ್ರು. ಕೊಟ್ಟಿದ್ದೆಲ್ಲ ಕುಡಿದೆ."

ಅವರ ಕೈ ಹಿಡಿದುಕೊಂಡು ಕೂತೆ. ನನ್ನ ತಾಯಿಯೂ ನನಗೋಸ್ಕರ ಇಷ್ಟು ಮಾಡುತ್ತಿದ್ದಳೋ ಇಲ್ಲವೋ.

೨೯ ಅಕ್ಟೋಬರ್

ಎಷ್ಟು ದಿನವಾಯಿತು ಬರೆದು. ಬರೆದರೆ ದೃಷ್ಟಿಯಾಗುತ್ತೆ ಅನ್ನೋ ಭಯ. ನನ್ನ ರಕ್ತದಲ್ಲಿ ಕಾಯಿಲೆ ಇಳೀತಿದೆಯಂತೆ. ಮಗು ಒದೆಯೋದು ನೋಡಿದರೆ ಅಜ್ಜಿಯದೇ ಬುದ್ಧಿ.

ಇವರನ್ನು ಕ್ಷಮಿಸಿದೆನಾ? ಇಲ್ಲ. ಆದರೆ ಮೂರೂ ಸೂಜಿ ತಪ್ಪಿಸಲಿಲ್ಲ, ಅಷ್ಟಕ್ಕೆ ಋಣಿ. ಮೆಂತ್ಯ ನಿಂತಿದೆ. ಈಗ ಮುದ್ದೆ, ಸೊಪ್ಪಿನ ಸಾರು, ತುಪ್ಪ.

೧೮ ಜನವರಿ ೧೯೯೨, ಬೆಳಗ್ಗೆ

ಹೆಣ್ಣು. ಗಟ್ಟಿ ಗಂಟಲು. ಡಾಕ್ಟರು ಮಗುವಿನ ರಕ್ತವನ್ನೂ ನೋಡಿದರು. ಏನೂ ತೊಂದರೆಯಿಲ್ಲ, ಆಗಾಗ ತಂದು ತೋರಿಸು ಅಂದರು. ದೇವರೇ, ಡಾಕ್ಟರೇ, ಅತ್ತೆಯೇ — ಯಾರಿಗೆ ಮೊದಲು ಕೈ ಮುಗಿಯಲಿ?

ಮನೆಗೆ ಬಂದು ನಾಲ್ಕು ದಿನವಾಯಿತು. ಅತ್ತೆ ಕಾಲು ಚಾಚಿ ಕೂತು ಮಗುವಿಗೆ ಎಣ್ಣೆ ತಿಕ್ಕುತ್ತಿದ್ದಾರೆ. ಈಗ ತಾನೇ ತಲೆಯೆತ್ತದೆ ಕೇಳಿದರು — "ಶ್ಯಾಮಲಾ, ಆ ಸೂಜಿ ನನ್ನ ಕಾಲಕ್ಕೂ ಇತ್ತೇನೇ?"

ನಾನು ಹೆರಿಗೆ ವಾರ್ಡಿನಲ್ಲಿ ಅದನ್ನೇ ಕೇಳಿದ್ದೆ. "ಇತ್ತಮ್ಮ, ನಾನು ಓದೋಕೆ ಸೇರೋಕ್ಕಿಂತ ಎಷ್ಟೋ ಮುಂಚೇನೇ" ಅಂದಿದ್ದರು ಡಾಕ್ಟರು.

ಕೇಳಿಸದವಳ ಹಾಗೆ ಬರೀತಿದ್ದೀನಿ. ಅತ್ತೆಯ ಕೈ ನಿಂತಿದೆ. ಮಗು ಕಾಲು ಬಡೀತಿದೆ. ನನ್ನನ್ನೇ ನೋಡ್ತಿದ್ದಾರೆ. ಇಷ್ಟು ಮಾಡಿದ ಜೀವಕ್ಕೆ ಸುಳ್ಳು ಹೇಳಲಾ, ಇಲ್ಲ ಆ ಮೂರೂ ಉಳೀಬಹುದಿತ್ತು ಅಂತ ನಿಜ ಹೇಳಲಾ?